ಮೆಟ್ಟಿಲ ಕೆಳಗಿನ ಹದಿನಾರು ಆಂಪಿಯರ್ ಮಹಾಶಯರಿಗೆ

ಮಾನ್ಯರೇ,

ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಜೇಡರ ಬಲೆಯ ಛತ್ರಿಯಡಿ, ಎದೆಯ ಮೇಲೆ ಹದಿನಾರು ಆಂಪಿಯರ್ ಎಂಬ ಬಿರುದನ್ನು ಧರಿಸಿ, ಒಂದೇ ಒಂದು ಕರಿಮೂಗಿನಿಂದ ಎರಡು ಮಹಡಿಗಳ ಬೆಳಕನ್ನು ಆಳುತ್ತಿರುವ, ಹೊರೆ ಮೀರಿದರೆ ಮೂಗು ಕೆಡವಿ ಕರೆಂಟ್ ಕಡಿಯುವ ಟ್ರಿಪ್ ಸ್ವಿಚ್ ಮಹಾಶಯರ ಸನ್ನಿಧಿಗೆ, ಕೆಳಗಿನ ಅಂಗಡಿಯ ಒಡತಿಯ ಸೋದರಮಾವನಾದ ನಾನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ತಾವು ಬಿದ್ದಾಗಲೆಲ್ಲ ಪೆಟ್ಟಾಗುವುದು ಉಳಿದವರಿಗೇ ಹೊರತು ತಮಗಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮಾತನ್ನು ಖಾಸಗಿಯಾಗಿಯೇ ಮುಗಿಸಬಹುದಿತ್ತು. ಆದರೆ ತಮ್ಮ ಕಿವಿಯಲ್ಲಿ ಹೇಳಿದ್ದೆಲ್ಲ ಗಾಳಿಗೆ ಹೋಯಿತು, ತಮ್ಮ ಮೂಗನ್ನು ಮೇಲಕ್ಕೆತ್ತಿ ಎತ್ತಿ ನನ್ನ ಹೆಬ್ಬೆರಳು ಬಾತುಕೊಂಡಿತು, ಆದ್ದರಿಂದ ಈ ಪತ್ರವನ್ನು ತಮ್ಮ ಪೆಟ್ಟಿಗೆಯ ಪಕ್ಕದ ಗೋಡೆಗೇ ಅಂಟಿಸುತ್ತಿದ್ದೇನೆ. ಮೆಟ್ಟಿಲು ಹತ್ತಿ ಇಳಿಯುವವರೆಲ್ಲ ಓದಿ, ನ್ಯಾಯ ಯಾರ ಕಡೆಗಿದೆ ಎಂದು ಅವರೇ ಹೇಳಲಿ.

ನನ್ನ ಪರಿಚಯ ತಮಗಿಲ್ಲದಿದ್ದರೆ ಅದು ತಮ್ಮ ದುರದೃಷ್ಟ. ನಮ್ಮ ಕುಟುಂಬದಲ್ಲಿ ನನ್ನನ್ನು ಕರೆಂಟ್ ಮಾವ ಎಂದೇ ಕರೆಯುತ್ತಾರೆ. ಯಾರ ಮನೆಯ ಮಿಕ್ಸಿ ಗೊರಗೊರ ಎಂದರೂ, ಯಾರ ಫ್ಯಾನು ಕಿರಕಿರ ಎಂದರೂ ಮೊದಲು ಹೇಳಿಕಳಿಸುವುದು ನನಗೇ. ನಾನು ಬಿಚ್ಚಿ ಜೋಡಿಸಿದ ಯಾವ ಮಿಕ್ಸಿಯೂ ಮತ್ತೆಂದೂ ಸದ್ದು ಮಾಡಿದ್ದಿಲ್ಲ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಕರೆಂಟ್ ಇರಲಿಲ್ಲ, ಆದರೆ ಕರೆಂಟಿನ ಪಾಠ ಇತ್ತು. ಮೇಷ್ಟ್ರು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಲ್ಬ್ ಬರೆದು, ಸುತ್ತಲೂ ಕಿರಣಗಳನ್ನೂ ಬರೆದು, ಆ ಬೆಳಕಿನಲ್ಲಿಯೇ ನಮಗೆ ವಿದ್ಯೆ ಹೇಳಿಕೊಟ್ಟರು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವುದು ರೋಧ, ಅದನ್ನು ಓಮಿನಲ್ಲಿ ಅಳೆಯಬೇಕು, ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದು ಸಾಮರ್ಥ್ಯ, ಅದನ್ನು ವಾಟಿನಲ್ಲಿ ಅಳೆಯಬೇಕು. ರೋಧ ಎಂದರೆ ಕರೆಂಟಿನ ದಾರಿಗೆ ಅಡ್ಡ ಹಾಕಿದ ಬೇಲಿ. ಬೇಲಿಯ ಹಿಂದೆ ಬೇಲಿ ಹಾಕುತ್ತ ಹೋದರೆ ರೋಧಗಳು ಕೂಡುತ್ತವೆ, ಕರೆಂಟ್ ಸೊರಗುತ್ತದೆ. ಇಷ್ಟು ಹೇಳಿಕೊಟ್ಟು ಅವರು ವರ್ಗವಾಗಿ ಹೋದರು. ಹೊಸದಾಗಿ ಬಂದ ಮೇಷ್ಟ್ರು ಕರೆಂಟಿನ ಪಾಠ ಮುಗಿದಿದೆಯೆಂದು ತಿಳಿದು ಕಪ್ಪೆಯ ಹೃದಯದಿಂದ ಆರಂಭಿಸಿದರು. ಮುಗಿದಿಲ್ಲವೆಂದು ಹೇಳುವಷ್ಟು ದಡ್ಡರು ನಮ್ಮ ತರಗತಿಯಲ್ಲಿ ಯಾರೂ ಇರಲಿಲ್ಲ.

ಇಂಥ ಮಾವನಿರುವಾಗ ನನ್ನ ತಂಗಿಯ ಮಗಳು ತನ್ನ ಹೊಸ ಪಾರ್ಲರಿನ ವಿದ್ಯುತ್ ಲೆಕ್ಕಕ್ಕೆ ಬೇರೆಯವರನ್ನು ಕರೆಯುವುದುಂಟೇ? ನಿಜ ಹೇಳಬೇಕೆಂದರೆ ಅವಳು ಕರೆಯಲಿಕ್ಕೆ ಹೊರಟಿದ್ದಳು, ನಾನು ಬಿಡಲಿಲ್ಲ. ವರ್ಷಗಟ್ಟಲೆ ಬೇರೆಯವರ ಕನ್ನಡಿಯ ಮುಂದೆ ನಿಂತು ಕೂದಲು ಕತ್ತರಿಸಿ, ಕಾಲಿನ ನರ ಉಬ್ಬಿಸಿಕೊಂಡು, ಕೊನೆಗೊಮ್ಮೆ ತನ್ನದೇ ಕನ್ನಡಿಯನ್ನು ಗೋಡೆಗೆ ನೇತುಹಾಕಿದ ಹುಡುಗಿ ಅವಳು. ಊರೆಲ್ಲ ಸುತ್ತಿದ ಮೇಲೆ ಸಿಕ್ಕಿದ ಕೋಣೆ ಇದೊಂದೇ. ಕೊಟ್ಟವರು ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ, ಕಟ್ಟಡವೂ ಅವರದ್ದೇ. ಅವರು ಹಾಕಿದ ಷರತ್ತೂ ಒಂದೇ: ಮೇಲೆ ಹಲ್ಲು ಕೊರೆಯುತ್ತಿರುವಾಗ ಕರೆಂಟ್ ಹೋಗಕೂಡದು. ಆ ಷರತ್ತಿಗೆ ನನ್ನ ಈ ಸೋದರಸೊಸೆ ತಲೆಯಾಡಿಸುವ ಮೊದಲೇ ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟಿದ್ದು ಸುಮ್ಮನೆ ಅಲ್ಲ, ಲೆಕ್ಕ ಮಾಡಿ. ನನ್ನ ಬಳಿ ಕ್ಲಾಂಪ್ ಮೀಟರ್ ಇದೆ. ಏಡಿಯ ಕೊಂಡಿಯಂಥ ಅದರ ಬಾಯಿಯಿಂದ ತಂತಿಯನ್ನು ತಬ್ಬಿಸಿದರೆ ಸಾಕು, ಒಳಗೆ ಎಷ್ಟು ಕರೆಂಟ್ ಹರಿಯುತ್ತಿದೆಯೆಂದು ಒಪ್ಪಿಕೊಂಡುಬಿಡುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಇನ್ನೂರ ಮೂವತ್ತು ವೋಲ್ಟ್. ನೀರು ಕಾಯಿಸುವ ಗೀಸರ್ ಎಳೆದದ್ದು ಹತ್ತು ಆಂಪಿಯರ್. ಭಾಗಿಸಿದೆ, ಇಪ್ಪತ್ತಮೂರು ಓಮ್ ಬಂತು. ಗುಣಿಸಿದೆ, ಎರಡು ಸಾವಿರದ ಮುನ್ನೂರು ವಾಟ್ ಬಂತು. ಕೂದಲು ಒಣಗಿಸುವ ಡ್ರೈಯರ್ ಐದು ಆಂಪಿಯರ್, ಅಂದರೆ ನಲವತ್ತಾರು ಓಮ್, ಸಾವಿರದ ನೂರೈವತ್ತು ವಾಟ್, ಅಂಥವು ಎರಡು. ಕೂದಲು ನೇರ ಮಾಡುವ ಇಕ್ಕಳ ಎಳೆಯುವುದು ಆಂಪಿಯರಿನ ಐದನೇ ಒಂದು ಪಾಲು, ಆದರೆ ಅದರ ರೋಧ ನೋಡಿ, ಸಾವಿರದ ನೂರೈವತ್ತು ಓಮ್! ಇಷ್ಟುದ್ದದ ಇಕ್ಕಳದಲ್ಲಿ ಇಷ್ಟೆತ್ತರದ ಬೇಲಿ. ಇಲ್ಲಿಯವರೆಗಿನ ಲೆಕ್ಕದಲ್ಲಿ ತಾವೂ ಕೂಡ ಒಂದು ತಪ್ಪು ಹುಡುಕಲಾರಿರಿ.

ಆಮೇಲೆ ಮೇಷ್ಟ್ರನ್ನು ಮನಸ್ಸಿನಲ್ಲಿ ನೆನೆದು ಬೇಲಿಗಳನ್ನೆಲ್ಲ ಕೂಡಿದೆ. ಒಟ್ಟು ಸಾವಿರದ ಇನ್ನೂರ ಅರವತ್ತೈದು ಓಮ್. ಇನ್ನೂರ ಮೂವತ್ತು ವೋಲ್ಟನ್ನು ಅದರಿಂದ ಭಾಗಿಸಿದರೆ ಇಡೀ ಪಾರ್ಲರ್ ಎಳೆಯುವ ಕರೆಂಟ್ ಕಾಲು ಆಂಪಿಯರೂ ಇಲ್ಲ, ಒಟ್ಟು ಸಾಮರ್ಥ್ಯ ಒಂದು ಹಳೇಕಾಲದ ಬಲ್ಬಿನಷ್ಟೂ ಇಲ್ಲ! ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಹಾಕಿದರೆ ಒಂದೊಂದನ್ನೇ ಹಾಕಿದ್ದಕ್ಕಿಂತ ಹಗುರ ಎಂಬ ಈ ಸತ್ಯ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ನನಗೇ ರೋಮಾಂಚನವಾಯಿತು. ಹದಿನಾರು ಆಂಪಿಯರ್ ಹೊರಬಲ್ಲ ತಮ್ಮನ್ನು ಕಾಲು ಆಂಪಿಯರಿಗೆ ಕಾವಲು ಕೂರಿಸಿದ್ದು ಇರುವೆ ಕಾಯಲು ಆನೆ ಕಟ್ಟಿದಂತೆ ಎಂದು ತಮ್ಮ ಬಗ್ಗೆ ಮರುಕಪಟ್ಟವನೂ ನಾನೇ. ಸೊಸೆ ಮಾತ್ರ ಲೆಕ್ಕದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಲ್ಬಿನಷ್ಟು ಕರೆಂಟಿನಲ್ಲಿ ನೀರು ಹೇಗೆ ಕಾಯುತ್ತದೆ ಎಂದು ಕೇಳಿದಳು. ದೊಡ್ಡವರ ಲೆಕ್ಕಕ್ಕೆ ಬಾಯಿ ಹಾಕಬಾರದೆಂದು ಗದರಿಸಿ ಸುಮ್ಮನಾಗಿಸಿದೆ.

ಪಾರ್ಲರ್ ತೆರೆದ ಬೆಳಿಗ್ಗೆ ತಾವು ಮಾಡಿದ ಉಪಕಾರವನ್ನು ಈಗ ಸ್ಮರಿಸುತ್ತೇನೆ. ಕುರ್ಚಿಯಲ್ಲಿ ಮೊದಲ ಗಿರಾಕಿ, ಹೊಸ ಕೆಲಸದ ಸಂದರ್ಶನಕ್ಕೆ ಹೊರಟ ಹೆಣ್ಣುಮಗಳು. ಗೀಸರ್ ಗುಂಯ್ ಎನ್ನುತ್ತಿತ್ತು, ಪಕ್ಕದ ಕುರ್ಚಿಗಳಲ್ಲಿ ಎರಡು ಡ್ರೈಯರ್ ಬೀಸುತ್ತಿದ್ದವು, ಇಕ್ಕಳ ಆಕೆಯ ಎಡಗಡೆಯ ಗುಂಗುರನ್ನು ಮುಗಿಸಿ ಬಲಗಡೆಗೆ ಬಂದಿತ್ತು. ಆಗ ಮೆಟ್ಟಿಲ ಕೆಳಗಿನಿಂದ ತಮ್ಮ ಶ್ರೀಕಂಠದಿಂದ ಟಪ್ ಎಂಬ ಒಂದೇ ಅಕ್ಷರ ಹೊರಟಿತು. ಎಡಗಡೆ ರೇಷ್ಮೆ, ಬಲಗಡೆ ಗುಬ್ಬಿಗೂಡು. ನಾನು ಓಡಿ ಬಂದು ತಮ್ಮ ಮೂಗೆತ್ತಿದೆ, ತಾವು ಮತ್ತೆ ಬಿದ್ದಿರಿ. ಮತ್ತೆ ಎತ್ತಿದೆ, ಮತ್ತೆ ಬಿದ್ದಿರಿ. ಅತ್ತ ಹೊತ್ತು ಮೀರುತ್ತಿತ್ತು. ಕೊನೆಗೆ ಎಡಗಡೆಯ ಕೆನ್ನೆಯನ್ನೇ ಮುಂದಿಟ್ಟುಕೊಂಡು ಉತ್ತರ ಕೊಡಿ ಎಂದು ಆಕೆಗೆ ನಾನೇ ಸಲಹೆ ಕೊಟ್ಟು ಕಳಿಸಿದೆ. ಆಕೆಗೆ ಆ ಕೆಲಸ ಸಿಕ್ಕಿತು. ಆ ಕೀರ್ತಿಯಲ್ಲಿ ತಮಗೂ ಅರ್ಧ ಪಾಲು ಸಲ್ಲಬೇಕು, ಬಲಗಡೆಯದ್ದು.

ಮೇಲಿನ ಮಹಡಿಯಲ್ಲಿ ಅದೇ ಹೊತ್ತಿಗೆ ಕೊರೆಯುವ ಯಂತ್ರ ಅರ್ಧ ಹಲ್ಲಿನಲ್ಲಿ ನಿಂತಿತ್ತು. ಡಾಕ್ಟರಮ್ಮ ಇಳಿದು ಬಂದು, ಮೊದಲ ದಿನವೆಂದು ಹಲ್ಲು ಕಚ್ಚಿಕೊಂಡು ಕ್ಷಮಿಸಿದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಾಗೆ ನೆಪ ಹೇಳುವವನಲ್ಲ. ತಮಗೆ ಭಾರವಾಗಿದೆಯೆಂಬುದನ್ನು ತಕ್ಷಣ ಒಪ್ಪಿಕೊಂಡೆ, ತಮ್ಮ ಭಾರ ಇಳಿಸುವ ಹೊಣೆಯನ್ನೂ ಹೊತ್ತುಕೊಂಡೆ. ಬೇಲಿ ಸಾಲದಿದ್ದರೆ ಇನ್ನಷ್ಟು ಬೇಲಿ ಹಾಕಬೇಕು, ಅಷ್ಟೇ ತಾನೇ? ಮನೆಗೆ ಹೋಗಿ, ಹೆಂಡತಿ ಸೀರೆಯ ಮೇಲೆ ಆಡಿಸುತ್ತಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಆಕೆಯ ಕೈಯಿಂದ ಬಿಡಿಸಿಕೊಂಡು, ಅಡುಗೆಮನೆಯ ಕೆಟಲನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದೆ. ಇಸ್ತ್ರಿ ಪೆಟ್ಟಿಗೆ ನಲವತ್ತಾರು ಓಮ್, ಕೆಟಲ್ ಕೂಡ ಹತ್ತಿರ ಹತ್ತಿರ ಅಷ್ಟೇ. ಹತ್ತು ಜನರ ಹುಲ್ಲುಕಡ್ಡಿ ಎಂದುಕೊಂಡು, ಗೀಸರ್ ಮತ್ತು ಡ್ರೈಯರುಗಳ ಪಕ್ಕದಲ್ಲಿ ಅವೆರಡನ್ನೂ ಚುಚ್ಚಿ, ತಮಗೆ ವಿಶ್ರಾಂತಿ ಸಿಕ್ಕಿತೆಂದು ತೃಪ್ತಿಯಿಂದ ಕೈಕಟ್ಟಿ ನಿಂತೆ. ತಾವು ಈ ಬಾರಿ ತೋರಿದ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಕೆಟಲಿನ ನೀರಿನಲ್ಲಿ ಒಂದು ಗುಳ್ಳೆ ಏಳುವುದಕ್ಕೂ ಬಿಡಲಿಲ್ಲ.

ಡಾಕ್ಟರಮ್ಮ ಈ ಸಲ ಒಬ್ಬರೇ ಇಳಿದು ಬರಲಿಲ್ಲ, ಹಿಂದೆ ಬಾಯಿ ತುಂಬ ಹತ್ತಿ ತುರುಕಿಸಿಕೊಂಡ ರೋಗಿಯೂ ಬಂದಿದ್ದರು. ಆ ಮಹನೀಯರು ನನ್ನ ಕಡೆ ಬೆರಳು ತೋರಿಸಿ ಏನೋ ದೀರ್ಘವಾಗಿ ಹೇಳಿದರು. ಹತ್ತಿಯ ದೆಸೆಯಿಂದ ನನ್ನ ಮಾನ ಉಳಿಯಿತು. ಡಾಕ್ಟರಮ್ಮನ ಮಾತಿಗೆ ಹತ್ತಿ ಇರಲಿಲ್ಲ. ನನ್ನತ್ತ ತಿರುಗಿಯೂ ನೋಡದೆ ಸೊಸೆಗೆ ಹೇಳಿದರು: “ನೋಡಮ್ಮ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಇನ್ನೊಂದು ಸಲ ಕತ್ತಲಾದ್ರೆ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟುಬಿಡು.”

ಸೊಸೆ ಆ ದಿನ ಬಾಗಿಲು ಹಾಕುವಾಗ ಕನ್ನಡಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಕಲೆ ಇಲ್ಲದ ಕಡೆಯೂ ಒರೆಸುತ್ತಿದ್ದಳು. ಅದನ್ನು ನೋಡಲಾರದೆ ನಾನು ನೇರ ಎಲೆಕ್ಟ್ರಿಕ್ ಅಂಗಡಿಗೆ ನಡೆದು ಮೂವತ್ತೆರಡು ಆಂಪಿಯರಿನ ತಮ್ಮ ಅಣ್ಣನನ್ನು ಕೊಂಡು ತಂದೆ. ಕೊಬ್ಬಿದ ಹೋರಿಗೆ ದೊಡ್ಡ ಗೂಟ! ತಮ್ಮನ್ನು ನಿವೃತ್ತಗೊಳಿಸಿ ಆತನನ್ನು ಪಟ್ಟಕ್ಕೇರಿಸಬೇಕೆಂದು ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ ತಮ್ಮ ಮುಂದೆ ಸ್ಕ್ರೂ ಡ್ರೈವರ್ ಹಿಡಿದು ನಿಂತವನು ನಾನೇ. ತಾವು ಮರೆತಿರಲಾರಿರಿ. ಗೀಸರ್, ಡ್ರೈಯರ್ ಆಗಲೇ ನಡೆಯುತ್ತಿದ್ದವು. ಸೊಸೆ ಬಂದು, ತಮ್ಮಿಂದ ಹೊರಟು ಗೋಡೆಯಲ್ಲಿ ಇಳಿಯುವ ತಂತಿಯ ಮೇಲೆ ಮೊದಲು ತನ್ನ ಅಂಗೈ ಇಟ್ಟಳು, ಆಮೇಲೆ ನನ್ನ ಕೈ ಹಿಡಿದು ಅಲ್ಲಿ ಇಡಿಸಿದಳು. ಜ್ವರ ಬಂದವರ ಹಣೆಯ ಹಾಗಿತ್ತು.

“ಸ್ವಿಚ್ ದೊಡ್ಡದಾದ್ರೆ ತಂತಿ ದಪ್ಪ ಆಗುತ್ತಾ ಮಾವ? ಈಗ ಸ್ವಿಚ್ ಬೀಳ್ತಿದೆ. ಅದನ್ನ ಬೀಳದ ಹಾಗೆ ಮಾಡಿದ್ರೆ ಮುಂದೆ ಗೋಡೆ ಹೊತ್ತಿಕೊಳ್ಳುತ್ತೆ.”

ಬೇಲಿಯ ಸಿದ್ಧಾಂತವನ್ನು ಅವಳಿಗೆ ಸಮಾಧಾನವಾಗಿ ಮೊದಲಿನಿಂದ ವಿವರಿಸಿದೆ. ಅವಳೂ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಸಮಾಧಾನವಾಗಿಯೇ ಕೇಳಿದಳು. ಕೇಳಿ, ತಲೆ ತೊಳೆಯುವ ಬೇಸಿನ್ನಿನ ಕಡೆಗೆ ಗದ್ದ ಎತ್ತಿ ಅಂದಳು: “ಒಂದೊಂದು ನಲ್ಲಿನೂ ನೀರಿಗೆ ಒಂದೊಂದು ತಡೆನೇ ಅಲ್ವಾ ಮಾವ. ಹಾಗಂತ ಒಂದೇ ತೊಟ್ಟಿಗೆ ನಾಲ್ಕು ನಲ್ಲಿ ಹಾಕಿ ನಾಲ್ಕನ್ನೂ ಬಿಟ್ರೆ ತೊಟ್ಟಿ ತುಂಬಿಕೊಂಡೇ ಇರುತ್ತಾ? ನಿಮ್ಮ ಬೇಲಿಗಳು ಒಂದರ ಹಿಂದೆ ಒಂದು ನಿಂತಿಲ್ಲ, ಒಂದರ ಪಕ್ಕ ಒಂದು ನಿಂತಿವೆ. ಎಲ್ಲದರಲ್ಲೂ ಬಾಗಿಲಿದೆ.” ಅಷ್ಟಕ್ಕೂ ಬಿಡದೆ, ನಾನು ಬೆವರು ಸುರಿಸಿ ಅಳೆದ ಆಂಪಿಯರುಗಳನ್ನೇ ಬೆರಳು ಮಡಚಿ ಎಣಿಸಿದಳು: ಗೀಸರಿಗೆ ಹತ್ತು, ಡ್ರೈಯರಿಗೆ ಐದು, ಇನ್ನೊಂದಕ್ಕೆ ಐದು, ಇಪ್ಪತ್ತಾಯಿತು, ಅದರ ಮೇಲೆ ಡಾಕ್ಟರಮ್ಮನ ಯಂತ್ರ, ಪಾಪ, ಹದಿನಾರರವನು ಇನ್ನೇನು ಮಾಡಿಯಾನು?

ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆಯ ದ್ವಿತೀಯಾರ್ಧ ನನಗೆ ಸ್ಟೂಲಿನ ಮೇಲೆಯೇ ನೆನಪಾಯಿತು. ಆ ಒಬ್ಬ ತಾವು. ಉತ್ತರ ಕೊಡುವುದು ನನಗೇನೂ ಕಷ್ಟವಿರಲಿಲ್ಲ, ಆದರೆ ಸ್ಟೂಲು ಅಲುಗಾಡುತ್ತಿದ್ದುದರಿಂದ ಇಳಿದುಬಿಟ್ಟೆ.

ಹಾಗೆಂದು ನನ್ನ ಲೆಕ್ಕ ತಪ್ಪೆಂದು ತಾವು ಬೀಗಬೇಕಾಗಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು; ತಂತಿ ಎಳೆದವನು ನನ್ನ ಲೆಕ್ಕಕ್ಕೆ ತಕ್ಕ ಹಾಗೆ ಎಳೆದಿರಲಿಲ್ಲ. ಇದನ್ನು ಸಾಧಿಸಲೆಂದೇ ಅಂದು ಸಂಜೆ ನನ್ನ ಮನೆಯಲ್ಲಿ ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿ ಸ್ವಿಚ್ ಹಾಕಿದೆ. ರೋಧ ಕೂಡಿತು, ಕರೆಂಟ್ ಇಳಿಯಿತು, ಸಾಮರ್ಥ್ಯ ಸೊರಗಿತು, ಮೇಷ್ಟ್ರು ಹೇಳಿದ್ದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಲ್ಬುಗಳೆಲ್ಲ ನಿದ್ದೆಗಣ್ಣಿನ ಬೆಕ್ಕುಗಳ ಹಾಗೆ ಕೆಂಪಗೆ ಮಿಣುಕಿದವು. ಹೆಂಡತಿ ಅಕ್ಕಿಯಲ್ಲಿ ಕಲ್ಲು ಹುಡುಕಲಾರದೆ ಮೊರ ಕೆಳಗಿಟ್ಟು, “ನಿಮ್ಮ ಲೆಕ್ಕ ಬೆಳಗ್ತಾ ಇದೆ ರೀ, ಮನೆ ಬೆಳಗ್ತಿಲ್ಲ” ಎಂದಳು. ಮನೆಯವರಿಗೆ ವಿಜ್ಞಾನ ತಿಳಿಯುವುದಿಲ್ಲ.

ಸೊಸೆ ಈಗ ಪಾರ್ಲರಿಗೆ ಹೊಸ ಕ್ರಮ ತಂದಿದ್ದಾಳೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಗೀಸರ್ ಹಾಕಿ, ಕಾದ ನೀರನ್ನು ದೊಡ್ಡ ಫ್ಲಾಸ್ಕುಗಳಿಗೆ ತುಂಬಿ, ಗೀಸರ್ ಆರಿಸಬೇಕು. ಆರಿದ ಮೇಲೆಯೇ ಡ್ರೈಯರ್. ಗೀಸರ್ ಉರಿಯುವಾಗ ಡ್ರೈಯರ್ ಬಾಯಿ ಬಿಡಕೂಡದು, ಡ್ರೈಯರ್ ಬೀಸುವಾಗ ಗೀಸರಿನ ಕೆಂಪು ಕಣ್ಣು ತೆರೆಯಕೂಡದು. ಇದನ್ನು ಕಾಯಲು ಗೀಸರಿನ ಸ್ವಿಚ್ಚಿನ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಇಂಥ ಜವಾಬ್ದಾರಿಯ ಹುದ್ದೆಗೆ ನನ್ನನ್ನು ಬಿಟ್ಟು ಯೋಗ್ಯರಿಲ್ಲ ಎಂದು ಅವಳು ಗಂಭೀರವಾಗಿಯೇ ಹೇಳಿದಳು. ನನ್ನನ್ನು ತಮ್ಮ ಪೆಟ್ಟಿಗೆಯಿಂದ ದೂರ ಕೂರಿಸುವುದೇ ಅದರ ಉದ್ದೇಶವೆಂದು ನನ್ನ ತಂಗಿ ಆಡಿಕೊಳ್ಳುತ್ತಾಳೆ, ಅಸೂಯೆ.

ಮೊನ್ನೆ ಏನಾಯಿತೆಂದು ತಮಗೆ ಗೊತ್ತಾಗಿಯೇ ಇಲ್ಲ, ಏಕೆಂದರೆ ಏನೂ ಆಗಲಿಲ್ಲ. ಸ್ವತಃ ಡಾಕ್ಟರಮ್ಮನೇ ಕೆಳಗಿಳಿದು ಬಂದು ತಲೆ ತೊಳೆಸಿಕೊಂಡು ಕುರ್ಚಿಯಲ್ಲಿ ಕೂತರು. ಮೇಲೆ ಅವರ ಸಹಾಯಕಿ ಯಾರದೋ ಹಲ್ಲು ತಿಕ್ಕುತ್ತಿದ್ದ ಯಂತ್ರದ ಸದ್ದು ಕೇಳುತ್ತಿತ್ತು. ಡಾಕ್ಟರಮ್ಮನ ತಲೆಗೆ ಒಂದು ಡ್ರೈಯರ್, ಪಕ್ಕದವರ ತಲೆಗೆ ಇನ್ನೊಂದು. ಆಗ ನಮ್ಮ ಸಂದರ್ಶನದ ಹೆಣ್ಣುಮಗಳು ತಿಂಡಿಯ ಪೊಟ್ಟಣ ಹಿಡಿದು ಖುಷಿಯಿಂದ ಒಳಗೆ ಬಂದು, ಕೈ ತೊಳೆಯಲೆಂದು ಬೇಸಿನ್ನಿಗೆ ಹೋಗಿ, ನೀರು ತಣ್ಣಗಿದೆಯೆಂದು ನನ್ನ ಭುಜದ ಮೇಲಿಂದ ಕೈ ಚಾಚಿ ತಾನೇ ಗೀಸರ್ ಹಾಕಿಬಿಟ್ಟಳು.

ಕೆಂಪು ಕಣ್ಣು ತೆರೆಯಿತು, ಮಾನ್ಯರೇ. ನನ್ನ ಬುದ್ಧಿ ಹೇಳಿತು: ಹೆದರಬೇಡ, ಇನ್ನೊಂದು ಬೇಲಿ ಬಂತು, ಭಾರ ಇಳಿಯಿತು, ಲೆಕ್ಕದ ಮೇಲೆ ನಂಬಿಕೆಯಿಟ್ಟು ಸುಮ್ಮನೆ ಕೂರು. ಕನ್ನಡಿಯಲ್ಲಿ ಸೊಸೆಯ ಮುಖ ಬಿಳಿಚಿಕೊಂಡದ್ದು ಕಾಣಿಸಿತು. ಅವಳ ಒಂದು ಕೈಯಲ್ಲಿ ಡ್ರೈಯರ್, ಇನ್ನೊಂದರಲ್ಲಿ ಡಾಕ್ಟರಮ್ಮನ ಜುಟ್ಟು. ಬಿಟ್ಟು ಬರುವಂತಿಲ್ಲ, ಕೂಗುವಂತಿಲ್ಲ. ನಾನು ಲೆಕ್ಕದಲ್ಲಿ ನಂಬಿಕೆಯಿಟ್ಟೇ ಇದ್ದೆ. ಆದರೆ ಕೈ ನನ್ನ ಮಾತು ಕೇಳದೆ ತಾನಾಗಿ ಹೋಗಿ ಟಪ್ ಎಂದು ಗೀಸರ್ ಆರಿಸಿಬಿಟ್ಟಿತು.

ಡ್ರೈಯರ್ ಬೀಸುತ್ತಲೇ ಇತ್ತು. ಮೇಲಿನ ಯಂತ್ರ ಹಾಡುತ್ತಲೇ ಇತ್ತು. ಡಾಕ್ಟರಮ್ಮ ಕನ್ನಡಿಯೊಳಗಿಂದ ನನ್ನನ್ನು ನೋಡಿ, ಈ ಯಜಮಾನರಿಗೆ ಇಲ್ಲೇನು ಕೆಲಸ ಎಂದು ಕೇಳಿದರು. ಸೊಸೆ ಹೇಳಿದಳು: “ಇವ್ರೇ ನಮ್ಮ ಪಾರ್ಲರಿನ ಸ್ವಿಚ್ಚು ಮೇಡಂ. ಮೆಟ್ಟಿಲ ಕೆಳಗಿನದು ಬೀಳೋ ಮೊದಲು ಇವ್ರು ಬೀಳ್ತಾರೆ. ಇವ್ರು ಬಿದ್ರೆ ಕತ್ತಲಾಗಲ್ಲ.”

ಡಾಕ್ಟರಮ್ಮ ನಕ್ಕರು. ಅವರಿಗೂ ಹಲ್ಲುಗಳಿವೆಯೆಂದು ನನಗೆ ಆಗಲೇ ಗೊತ್ತಾದದ್ದು. ಹೋಗುವಾಗ ಬೀಗದ ಕೈಯ ಮಾತೆತ್ತಲಿಲ್ಲ. ಮುಂದಿನ ವಾರಕ್ಕೂ ಒಂದು ಹೊತ್ತು ಹಿಡಿದಿಡು ಎಂದಷ್ಟೇ ಹೇಳಿದರು.

ಆದ್ದರಿಂದ ಸಹೋದ್ಯೋಗಿಯಾದ ನನ್ನ ಕೆಲವು ಸಣ್ಣ ಬಿನ್ನಹಗಳನ್ನು ತಾವು ದಯವಿಟ್ಟು ಪರಿಶೀಲಿಸಬೇಕು. ಇನ್ನು ಮುಂದೆ ಬೀಳಲೇಬೇಕೆಂದಿದ್ದರೆ ಮುಂಚಿತವಾಗಿ ಕೆಮ್ಮಿ ಸೂಚನೆ ಕೊಡಬೇಕು, ಗಿರಾಕಿಯ ತಲೆ ಪೂರ್ತಿ ಒಣಗುವವರೆಗೆ ಉಸಿರು ಹಿಡಿದುಕೊಂಡಿರಬೇಕು. ಅನಿವಾರ್ಯವಾದರೆ ಎರಡೂ ಕಡೆಯ ಕೂದಲು ಸಮವಾಗಿರುವ ಕ್ಷಣವನ್ನು ನೋಡಿ ಬೀಳಬೇಕು. ಸಾಧ್ಯವಾದರೆ ಗೋಡೆಯೊಳಗಿನ ತಂತಿಗಳಿಗೆ ಬುದ್ಧಿ ಹೇಳಿ, ಜಗತ್ತಿನ ಎಲ್ಲ ಯಂತ್ರಗಳನ್ನೂ ಒಂದರ ಹಿಂದೊಂದಾಗಿ ಸಾಲು ನಿಲ್ಲಿಸಬೇಕು. ಆಗ ಯಾವ ಗೀಸರಿನಲ್ಲೂ ನೀರು ಕಾಯದು, ಯಾವ ಡ್ರೈಯರಿನಲ್ಲೂ ಗಾಳಿ ಬಾರದು, ತಾವು ಜನ್ಮದಲ್ಲಿ ಬೀಳಬೇಕಾಗದು, ನನ್ನ ಮೇಷ್ಟ್ರ ಆತ್ಮಕ್ಕೂ ಶಾಂತಿ. ಕಡೆಯದಾಗಿ, ತಾವು ಆ ದಿನಗಳಲ್ಲಿ ಬಿದ್ದು ಬಿದ್ದು ಗೋಡೆಯನ್ನೂ, ಗೋಡೆಯ ಮೇಲಿನ ಆ ಕನ್ನಡಿಯನ್ನೂ ಉಳಿಸಿದಿರೆಂದು ಸೊಸೆ ಹೇಳುತ್ತಾಳೆ. ಅದು ನಿಜವಿದ್ದರೂ ಇರಬಹುದು. ಅದಕ್ಕಾಗಿ ನಿನ್ನೆ ನಾನೇ ಒದ್ದೆಯಿಲ್ಲದ ಬಟ್ಟೆಯಲ್ಲಿ ತಮ್ಮ ಮೈಮೇಲಿನ ಜೇಡರ ಬಲೆ ತೆಗೆದದ್ದನ್ನು ಯಾರಿಗೂ ಹೇಳತಕ್ಕದ್ದಲ್ಲ.

ತಾವು ನಿಂತೇ ಇರಬೇಕೆಂದು ಸದಾ ಹಾರೈಸುವ,

ತಮ್ಮ ವಿಶ್ವಾಸಿ,
ಗೀಸರ್ ಪಕ್ಕದ ಸ್ಟೂಲಿನಿಂದ,
ಕರೆಂಟ್ ಮಾವ

ತಾ.ಕ.: ತಮ್ಮ ಅಣ್ಣ, ಆ ಮೂವತ್ತೆರಡು ಆಂಪಿಯರಿನವನು, ಕ್ಷೇಮವಾಗಿದ್ದಾನೆ. ಸೊಸೆ ಅವನನ್ನು ನನ್ನ ಜೇಬಿನಿಂದ ಕಸಿದುಕೊಂಡು, ಫ್ಯಾನಿನ ಗಾಳಿಗೆ ಹಾರುವ ವಾರಪತ್ರಿಕೆಯ ಮೇಲೆ ಕೂರಿಸಿದ್ದಾಳೆ. ಹೊರೆ ಹೊತ್ತ ದಿನದಿಂದ ಆತ ಒಂದು ಸಲವೂ ಬಿದ್ದಿಲ್ಲ. ತಾವು ಬಿಡುವಾದಾಗ ನೋಡಿ ಕಲಿಯಬಹುದು.